ಕ್ಯೂಆರ್ ಕೋಡ್: ದುಡ್ಡು ಹಾಕೋ ಮುಂಚೆ ಒಳಗೇನಿದೆ ಓದಿ

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು ಕೈ ತೊಳೆದ ಮೇಲೆ ನಾವು ಜೇಬಿಂದ ತೆಗೆಯೋದು ಪರ್ಸ್ ಅಲ್ಲ, ಫೋನು. ಹರಿಹರದಲ್ಲಿ ಬಸ್ ಇಳಿದು ಒಂದು ಚಹಾ ಕುಡಿದರೂ ಅಷ್ಟೇ. ದಿನಕ್ಕೆ ಹತ್ತು ಸಲ ಸ್ಕ್ಯಾನ್ ಮಾಡ್ತೀವಿ. ಆದರೆ ಆ ಕಪ್ಪು-ಬಿಳಿ ಚೌಕದೊಳಗೆ ಏನು ಬರೆದಿದೆ ಅಂತ ಯಾವತ್ತಾದರೂ ಓದಿದ್ದೀವಾ?

ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ವೇವ್‌ನಲ್ಲಿ, ಕಾರಿನ ಬಿಡಿಭಾಗಗಳ ಲೆಕ್ಕ ಇಡೋಕೆ. ಅದರಲ್ಲಿ ಇರೋದು ಬರೀ ಅಕ್ಷರ, ಅಂಕಿ. ಅಂಗಡಿಯ ಕೋಡ್ ಬಿಡಿಸಿದರೆ ಒಂದೇ ಒಂದು ಸಾಲು: 'ಯುಪಿಐ' ಅಂತ ಶುರುವಾಗುತ್ತೆ, 'ಪಿಎ' ಮುಂದೆ ಅಂಗಡಿಯವರ ಯುಪಿಐ ಐಡಿ, 'ಪಿಎನ್' ಮುಂದೆ ಹೆಸರು, ಕೆಲವು ಸಲ 'ಎಎಂ' ಮುಂದೆ ಮೊತ್ತ. ಆ ಹೆಸರಿನ ಜಾಗದಲ್ಲಿ ಕೋಡ್ ಮಾಡಿದವರು ಏನು ಬೇಕಾದರೂ ಟೈಪ್ ಮಾಡಬಹುದು. ಹಾಗಾಗಿ ಪೇ ಮಾಡೋವಾಗ ಆ್ಯಪ್ ತೋರಿಸೋ ಬ್ಯಾಂಕ್ ಖಾತೆಯ ಹೆಸರು ನೋಡ್ರಿ.

ಹೊರಗಿನ ವೇಷ ನೋಡಿ ಒಳಗಿನದು ಹೇಳೋಕಾಗಲ್ಲ ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ 'ಪೇಸಿಎಂ' ಪೋಸ್ಟರ್ ಬಂದವಲ್ಲ, ನೋಡೋಕೆ ಪೇಮೆಂಟ್ ಕೋಡ್ ಥರಾನೇ ಇತ್ತು. ಸ್ಕ್ಯಾನ್ ಮಾಡಿದರೆ ತೆರೆದುಕೊಳ್ತಿದ್ದದ್ದು ಕಾಂಗ್ರೆಸ್ ಪ್ರಚಾರದ ವೆಬ್‌ಸೈಟ್. ಅದು ರಾಜಕೀಯ. ಆದರೆ ಇದೇ ಕೆಲಸ ಒಬ್ಬ ವಂಚಕನೂ ಮಾಡಬಹುದು.

ಸರಿ, ಓದೋದು ಎಲ್ಲಿ? ಎದುರಿಗಿರೋ ಕೋಡ್‌ಗೆ ಫೋನಿನ ಕ್ಯಾಮೆರಾನೇ ಸಾಕು. ಲಿಂಕ್ ಕಾಣಿಸುತ್ತೆ, ಒತ್ತೋ ಮುಂಚೆ ಓದಿ. ತೊಂದರೆ ಇರೋದು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಬರೋ ಕೋಡ್‌ಗೆ. ಆಗ ಎಷ್ಟೋ ಜನ ಗೂಗಲ್‌ನಲ್ಲಿ ಮೊದಲು ಸಿಕ್ಕ ಸೈಟ್‌ಗೆ ಚಿತ್ರ ಅಪ್‌ಲೋಡ್ ಮಾಡಿಬಿಡ್ತಾರೆ. ಅದು ಮನೆಯ ವೈಫೈ ಕೋಡ್ ಆಗಿದ್ದರೆ? ಪಾಸ್‌ವರ್ಡ್ ಅದರಲ್ಲಿ ನೇರವಾಗಿ ಬರೆದಿರುತ್ತೆ. ಆಧಾರ್ ಕೋಡ್ ಆಗಿದ್ದರೆ? ಸಾಮಾನ್ಯ ರೀಡರ್‌ನಲ್ಲಿ ಅದು ಉದ್ದನೆ ಅಂಕಿಯಾಗಿ ಕಾಣುತ್ತೆ, ಆದರೆ ನಿಮ್ಮ ಹೆಸರು, ವಿಳಾಸ, ಫೋಟೋ ಅದರೊಳಗೇ ಇರುತ್ತೆ. ಅದನ್ನೆಲ್ಲ ಗುರುತಿಲ್ಲದವರ ಸರ್ವರ್‌ಗೆ ಯಾಕೆ ಕೊಡಬೇಕು?

ಚಿತ್ರವನ್ನು ಹೊರಗೆ ಕಳಿಸದೆ, ನಿಮ್ಮ ಬ್ರೌಸರ್‌ನೊಳಗೇ ಕೋಡ್ ಬಿಡಿಸೋ ಪುಟಗಳೂ ಇವೆ. ಎಲ್ಲ ಸೈಟೂ 'ಪ್ರೈವೇಟ್' ಅಂತಾನೇ ಬರೆದುಕೊಳ್ಳುತ್ತೆ, ನಾವು ಪರೀಕ್ಷೆ ಮಾಡಿ ನಂಬೋಣ. ಪುಟವನ್ನು ಇನ್‌ಕಾಗ್ನಿಟೋ ಟ್ಯಾಬ್‌ನಲ್ಲಿ ತೆರೆಯಿರಿ. ಪೂರ್ತಿ ಲೋಡ್ ಆದ ಮೇಲೆ ಫ್ಲೈಟ್ ಮೋಡ್ ಹಾಕಿ, ವೈಫೈ ಆಫ್ ಆಗಿದೆಯಾ ನೋಡಿ. ಈಗ ಗ್ಯಾಲರಿಯಿಂದ ಚಿತ್ರ ಆರಿಸಿ. ನೆಟ್ ಇಲ್ಲದೆಯೂ ಅಕ್ಷರ ಬಂದರೆ, ಕೆಲಸ ನಡೆದಿದ್ದು ನಿಮ್ಮ ಫೋನಿನಲ್ಲೇ. ಬರಲಿಲ್ಲವಾ? ಆ ಸೈಟ್ ಬಿಟ್ಟುಬಿಡಿ. ಓದಿದ ಮೇಲೆ ಇನ್‌ಕಾಗ್ನಿಟೋ ಟ್ಯಾಬ್ ಪೂರ್ತಿ ಮುಚ್ಚಿ, ಆಮೇಲೇ ನೆಟ್ ಆನ್ ಮಾಡಿ. ಇಲ್ಲದಿದ್ದರೆ ಪುಟ ಆಗ ಕಳಿಸಬಹುದು.

ಇನ್ನೊಂದು ಮಾತು. ಓದೋದು ಬೇರೆ, ತೆರೆಯೋದು ಬೇರೆ. ಲಿಂಕ್ ಒತ್ತಿದ ಕ್ಷಣ ನೀವು ಬಂದಿದ್ದು ಆ ಸೈಟ್‌ನವರಿಗೆ ಗೊತ್ತಾಗುತ್ತೆ. ಯುಪಿಐ ಪಿನ್ ಬೇಕಾಗೋದು ದುಡ್ಡು ಕೊಡೋಕೆ, ತಗೊಳ್ಳೋಕೆ ಅಲ್ಲ. 'ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ, ದುಡ್ಡು ಬರುತ್ತೆ' ಅಂದರೆ ಅದು ಮೋಸ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಅಪ್ಪ-ಅಮ್ಮನಿಗೂ ಒಂದು ಸಲ ಇದನ್ನು ಮಾಡಿ ತೋರಿಸ್ರಿ.