ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆಯನ್ನು ಕೇಳಿ ನಗದವರಿಲ್ಲ. ಆದರೆ ಕೆಟ್ಟುನಿಂತ ಯಂತ್ರವೊಂದು ಎದುರಿಗಿದ್ದಾಗ ನಾವೂ ಅಂಥ ಬರೆಯನ್ನೇ ಹಾಕುತ್ತೇವೆ. ಅದರ ವೆಚ್ಚವನ್ನೂ ನಾವೇ ತೆರುತ್ತೇವೆ. ನನ್ನ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯ ಸೌರ ಇನ್ವರ್ಟರಿನ ವಿಷಯದಲ್ಲಿ ಹೀಗೆಯೇ ಆಯಿತು.

ಮಾಳಿಗೆಯ ಮೇಲಿನ ಸೌರಫಲಕಗಳು ಕೊಡುವುದು ಏಕಮುಖ ವಿದ್ಯುತ್ತು. ಮನೆಯ ದೀಪ, ಪಂಖಗಳಿಗೆ ಬೇಕಾದದ್ದು ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ವಿದ್ಯುತ್ತು. ಒಂದನ್ನು ಇನ್ನೊಂದಾಗಿಸುವುದು ಇನ್ವರ್ಟರಿನ ಕೆಲಸ. ಅದರೊಳಗಿನ ದೊಡ್ಡ ಪವರ್ ಟ್ರಾನ್ಸಿಸ್ಟರುಗಳು ಈ ಭಾರವನ್ನೆಲ್ಲ ಹೊರುತ್ತವೆ. ಆದರೆ ನೂರು ಜನರಿಗೆ ಬಡಿಸುವ ಅಡುಗೆಯವರಿಗೂ ಬೆಳಗಿನ ಗಂಜಿ ಬೇಕಲ್ಲವೇ? ಆ ಗಂಜಿಯನ್ನು ಒದಗಿಸಲು ಒಳಗೊಂದು ಪುಟ್ಟ ಪವರ್ ಸಪ್ಲೈ ಇರುತ್ತದೆ. ಫಲಕಗಳಿಂದ ಬರುವ ನೂರಾರು ವೋಲ್ಟುಗಳನ್ನು ಇಳಿಸಿ, ಯಂತ್ರದ ಮಿದುಳಿಗೂ ಮುಖಫಲಕದ ಅಕ್ಷರಗಳಿಗೂ 5 ವೋಲ್ಟು, ಟ್ರಾನ್ಸಿಸ್ಟರುಗಳನ್ನು ತೆರೆದು ಮುಚ್ಚಲು 15 ವೋಲ್ಟು, ಹೀಗೆ ಪಾಲು ಹಂಚುತ್ತದೆ. ಮನೆಯ ಒಂದು ದೀಪವನ್ನೂ ಅದು ನೇರವಾಗಿ ಉರಿಸುವುದಿಲ್ಲ. ಹಾಗಾಗಿಯೇ ಅದರ ನೆನಪು ಯಾರಿಗೂ ಬರುವುದಿಲ್ಲ.

ಉಪಾಧ್ಯಾಯರ ಇನ್ವರ್ಟರು ಐದನೆಯ ವರ್ಷದಲ್ಲಿ ನಿಂತುಹೋಯಿತು. ಬಿಚ್ಚಿ ನೋಡಿದರೆ ಟ್ರಾನ್ಸಿಸ್ಟರುಗಳು ಸುಟ್ಟಿದ್ದವು. ಸುಟ್ಟದ್ದನ್ನು ತೆಗೆದು ಹೊಸದನ್ನು ಹಾಕಿದರು. ಮೂರು ವಾರಕ್ಕೆ ಅವೂ ಸುಟ್ಟವು. ಇನ್ನೊಬ್ಬರು ಬಂದು ಮತ್ತೆ ಹೊಸದನ್ನು ಹಾಕಿದರು, ಫಲ ಬೇರೆಯಾಗಲಿಲ್ಲ. ಕೊನೆಗೆ, "ಇದನ್ನು ಎಸೆದು ಬೇರೆ ಕೊಳ್ಳಿ" ಎಂಬ ತೀರ್ಪು ಬಂದಿತು. ಪವರ್ ಸಪ್ಲೈಯನ್ನು ಯಾರೂ ಸಂಶಯಿಸಲಿಲ್ಲ. ಮುಖಫಲಕದಲ್ಲಿ ಅಕ್ಷರಗಳು ಬೆಳಗುತ್ತಿದ್ದುವಲ್ಲ!

ಪಿಂಚಣಿಯ ಹಣದಲ್ಲಿ ಹೊಸ ಇನ್ವರ್ಟರು ಕೊಳ್ಳುವ ಮೊದಲು ಅವರು ಹಳೆಯದನ್ನು ಊರಿನ ವೃದ್ಧ ಮೆಕ್ಯಾನಿಕ್ ಒಬ್ಬರಲ್ಲಿಗೆ ಒಯ್ದರು. ಟ್ರಾನ್ಸಿಸ್ಟರ್ ರೇಡಿಯೋಗಳ ರಿಪೇರಿಯಲ್ಲಿ ಕೈ ಪಳಗಿಸಿಕೊಂಡವರು ಅವರು. ಉಪಕರಣವನ್ನು ಮುಟ್ಟುವ ಮೊದಲು ಕೇಳಿದರು: "ಮೇಷ್ಟ್ರೇ, ಇದು ಸುಡುವುದಕ್ಕೆ ಮುಂಚೆ ಹೇಗೆ ನಡೆದುಕೊಳ್ಳುತ್ತಿತ್ತು?" ಮೇಷ್ಟ್ರಿಗೆ ಆಗ ನೆನಪಾಯಿತು. ಚಳಿಗಾಲದ ಬೆಳಗಿನಲ್ಲಿ ಬಿಸಿಲು ಬಂದು ಎಷ್ಟೋ ಹೊತ್ತಾದರೂ ಇನ್ವರ್ಟರು ಏಳುತ್ತಿರಲಿಲ್ಲ. ಅಕ್ಷರಗಳು ಮೂಡಿ, ಅಳಿಸಿ, ಮತ್ತೆ ಮೂಡುತ್ತಿದ್ದವು. ಈ ಮಾತನ್ನು ಅದುವರೆಗೆ ಅವರನ್ನು ಯಾರೂ ಕೇಳಿರಲಿಲ್ಲ.

ಕೆರೆಯ ನೀರು ಕೊನೆಯ ಗದ್ದೆಗೆ ಬಾರದಿದ್ದರೆ ನೀರಗಂಟಿ ಗದ್ದೆಯಲ್ಲಿ ನಿಂತು ಗೊಣಗುವುದಿಲ್ಲ. ತೂಬಿನಿಂದ ಹೊರಟು ಕಾಲುವೆಯ ಗುಂಟ ನಡೆಯುತ್ತಾನೆ. ಎಲ್ಲಿಯವರೆಗೆ ನೀರಿದೆ, ಎಲ್ಲಿಂದಾಚೆಗೆ ಇಲ್ಲ ಎಂದು ನೋಡುತ್ತಾನೆ. ಆ ವೃದ್ಧರು ಮಾಡಿದ್ದೂ ಇಷ್ಟೇ. ಮೊದಲು ಟ್ರಾನ್ಸಿಸ್ಟರುಗಳನ್ನು ಬಿಚ್ಚಿ ಬದಿಗಿಟ್ಟರು. ಪ್ರವಾಹಕ್ಕೆ ಮಿತಿಯಿರುವ ಪರೀಕ್ಷಾ ಮೂಲವೊಂದರಿಂದ ಪವರ್ ಸಪ್ಲೈಗೆ ಮಾತ್ರ ವಿದ್ಯುತ್ತು ಕೊಟ್ಟು, ಒಂದೊಂದೇ ಕವಲನ್ನು ಮೀಟರಿನಿಂದ ಅಳೆದರು. 5 ವೋಲ್ಟಿನ ಕವಲು ಸರಿಯಾಗಿತ್ತು. 15 ಇರಬೇಕಾದ ಕಡೆ, ಸಣ್ಣದೊಂದು ಹೊರೆ ಕೊಟ್ಟೊಡನೆ, 11ಕ್ಕೆ ಕುಸಿಯಿತು.

ಗುಟ್ಟು ಅಲ್ಲಿತ್ತು. ಆ ಮಂಡಲ ಕಾವಲು ಕಾಯುವುದು 5 ವೋಲ್ಟಿನ ಕವಲೊಂದನ್ನೇ. ಉಳಿದವು ಸೊರಗಿದರೂ ಅದಕ್ಕೆ ತಿಳಿಯದು. ಬೆಳಗುವ ಅಕ್ಷರಗಳು ಸಾಕ್ಷಿ ನುಡಿದದ್ದು ತಮ್ಮ ಕವಲಿನ ಬಗ್ಗೆ ಮಾತ್ರ. ಇತ್ತ, ವೋಲ್ಟೇಜು ಸಾಲದೆ ಅರೆತೆರೆದ ಟ್ರಾನ್ಸಿಸ್ಟರು, ಅರೆತೆರೆದ ಬಾಗಿಲಲ್ಲಿ ಜನ ನುಗ್ಗಿದಂತೆ, ಪ್ರವಾಹದ ಒತ್ತಡದಲ್ಲಿ ಕಾದು ಸುಡುತ್ತಿತ್ತು. ಅದು ಅಪರಾಧಿಯಲ್ಲ, ಬಲಿ.

ಹುಡುಕಿದಾಗ ಒಣಗಿಹೋದ ಎರಡು ಕೆಪಾಸಿಟರುಗಳು ಸಿಕ್ಕವು. ಒಂದು ಆ 15 ವೋಲ್ಟಿನ ಕವಲಿನದು. ಇನ್ನೊಂದು, ಪ್ರತಿ ಬೆಳಗ್ಗೆ ಮಂಡಲವನ್ನು ಎಬ್ಬಿಸುವಂಥದು. ಒಣಗಿದ ಕೆಪಾಸಿಟರು ಚಳಿಯಲ್ಲಿ ಇನ್ನಷ್ಟು ದುರ್ಬಲವಾಗುವುದರಿಂದಲೇ ಆ ಬೆಳಗಿನ ತೂಕಡಿಕೆ. ಎರಡರ ಬೆಲೆಯೂ ಸೇರಿ ಒಂದು ಊಟದ ಬೆಲೆಯಷ್ಟಿರಲಿಲ್ಲ.

ವೃದ್ಧರು ಅಲ್ಲಿಗೂ ನಿಲ್ಲಲಿಲ್ಲ. ಕೆಪಾಸಿಟರು ಏಕೆ ಒಣಗಿತು? ಅದರೊಳಗಿನ ದ್ರವ ಶಾಖಕ್ಕೆ ಆರುತ್ತ ಹೋಗುತ್ತದೆ. ಶಾಖ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನವರ ಸ್ಥೂಲ ಲೆಕ್ಕ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವುದು 75 ಡಿಗ್ರಿಯಲ್ಲಿ 16000 ಗಂಟೆ ಬಾಳೀತು. ದಿನಕ್ಕೆ ಹತ್ತು ಗಂಟೆಯಂತೆ ನಾಲ್ಕು ವರ್ಷದ ಮೇಲೆ ಕೆಲವು ತಿಂಗಳು. 65 ಡಿಗ್ರಿಯಲ್ಲಿಟ್ಟರೆ ಅದರ ಎರಡರಷ್ಟು. ಮೇಷ್ಟ್ರ ಇನ್ವರ್ಟರು ತೂಗುತ್ತಿದ್ದುದು ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ಬಡಿಯುವ ಪಡುವಣ ಗೋಡೆಯ ಮೇಲೆ!

ಒಂದು ಎಚ್ಚರಿಕೆಯ ಮಾತು. ಕೇಳುಗರು ಇದನ್ನು ಕೇಳಿ ತಮ್ಮ ಇನ್ವರ್ಟರನ್ನು ಬಿಚ್ಚಹೊರಡಬಾರದು. ಮನೆಯ ಮೇನ್ ಸ್ವಿಚ್ಚನ್ನು ಆರಿಸಿದರೂ, ಬಿಸಿಲಿರುವವರೆಗೆ ಫಲಕಗಳ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಅದನ್ನು ಬೇರ್ಪಡಿಸಿದ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಪ್ರಾಣಾಪಾಯಕರವಾದ ವಿದ್ಯುತ್ತು ಹಲವು ನಿಮಿಷ ಉಳಿದಿರುತ್ತದೆ. ಬಲ್ಲವರು ಕಾದು, ಮೀಟರಿನಿಂದ ಅಳೆದು, ಇಲ್ಲವೆಂದು ಖಚಿತವಾದ ಮೇಲಷ್ಟೇ ಕೈಯಿಡುತ್ತಾರೆ. ನಮ್ಮ ಪಾಲಿನ ಕೆಲಸ ಬೇರೆ: ಯಂತ್ರದ ನಡವಳಿಕೆಯನ್ನು ಗಮನಿಸಿ ಹೇಳುವುದು, ಮತ್ತು ಬಿಡಿಭಾಗ ಬದಲಿಸುವವರನ್ನು "ಇದು ಸುಟ್ಟದ್ದೇಕೆ?" ಎಂದು ಕೇಳುವುದು.

2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯ ಘರ್ ಯೋಜನೆಯ ಗುರಿ ಒಂದು ಕೋಟಿ ಮನೆಗಳು. ಅಷ್ಟು ಮನೆಗಳಲ್ಲಿ ಒಂದೊಂದು ದಿನ ಒಂದೊಂದು ಇನ್ವರ್ಟರು ನಿಲ್ಲಲಿದೆ. ಪ್ರತಿಯೊಂದಕ್ಕೂ ಎಸೆಯುವುದೇ ಮದ್ದಾದರೆ, ಸೂರ್ಯನು ಪುಕ್ಕಟೆಯಾಗಿ ಕೊಟ್ಟದ್ದನ್ನು ನಾವು ಗುಜರಿಗೆ ತೆತ್ತಂತಾಗುತ್ತದೆ.

ಮೇಷ್ಟ್ರ ಇನ್ವರ್ಟರು ಈಗ ಮೆಟ್ಟಿಲ ಕೆಳಗಿನ ಗಾಳಿಯಾಡುವ ನೆರಳಿನಲ್ಲಿದೆ. ಪಡುವಣ ಗೋಡೆಯಲ್ಲಿ ನಾಲ್ಕು ಮೊಳೆಗಳು ಮಾತ್ರ ಉಳಿದಿವೆ.