ಮಾರಿದ ಬಿಲ್ಲಿನ ಹಿಂದೆ ಕಲ್ಯಾಣ್‌ಗೆ ಹೋಗಿದ್ದು

ನನ್ನ ಊರು ತುಮಕೂರು, ಮನೆ ಡೊಂಬಿವಲಿ, ಕೆಲಸ ಐರೋಲಿ. ದಿನಾ ಠಾಣೆಯಲ್ಲಿ ಟ್ರೈನ್ ಬದಲಿಸೋರಿಗೆ ನನ್ನ ಮುಖ ಪರಿಚಯ ಇದ್ರೂ ಇರಬಹುದು.

ನನ್ನ ಮಗಳು ಆರ್ಚರಿ ಕಲೀತಾಳೆ. ಬಿಲ್ಲಿನ ಹಿಡಿಗೆ ಮೇಲೊಂದು ಕೆಳಗೊಂದು ಬಾಗುವ ಪಟ್ಟಿ ಇರುತ್ತೆ, ಲಿಂಬ್ ಅಂತಾರೆ. ಮರ, ಫೈಬರ್ ಗ್ಲಾಸ್ ಪದರಗಳನ್ನ ಅಂಟಿಸಿ ಮಾಡಿದ್ದು. ಮಕ್ಕಳಿಗೆ ಬಲ ಬಂದ ಹಾಗೆ ಹೆಚ್ಚು ಪೌಂಡಿನ ಜೋಡಿ ಹಾಕಬೇಕು. ಹಾಗಾಗಿ ಸೆಕೆಂಡ್ ಹ್ಯಾಂಡ್ ವ್ಯಾಪಾರ ಜೋರು. ನಾನೂ ಹಳೇ ಜೋಡಿಯನ್ನ ವಾಟ್ಸಾಪ್ ಗ್ರೂಪಲ್ಲಿ ಮಾರಿದ್ದೆ.

ನಾಲ್ಕು ತಿಂಗಳಾದ ಮೇಲೆ ಕೋಚ್ ಹೇಳಿದ್ರು: ಆ ಬ್ಯಾಚಿನ ಲಿಂಬ್‌ಗಳಲ್ಲಿ ಅಂಟು ಬಿಡ್ತಿದೆ, ತಯಾರಕರು ವಾಪಸ್ ಕೇಳ್ತಿದ್ದಾರೆ. ನನಗೆ ಮಾರಿದ ಅಂಗಡಿಯಿಂದ ಒಂದು ಮೆಸೇಜೂ ಇಲ್ಲ. ಹಗ್ಗ ಗಲ್ಲದವರೆಗೆ ಎಳೆದಾಗ ಪದರ ಬಿಟ್ಟರೆ ಚೂರು ಹಾರೋದು ಮುಖದ ಹತ್ರಾನೇ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 20ರಲ್ಲಿ ಅಪಾಯಕಾರಿ ವಸ್ತುಗಳನ್ನ ವಾಪಸ್ ತರಿಸೋ ಅಧಿಕಾರ ಕೇಂದ್ರ ಪ್ರಾಧಿಕಾರಕ್ಕಿದೆ. 2022ರ ಆಗಸ್ಟ್‌ನಲ್ಲಿ 2,265 ಪ್ರೆಶರ್ ಕುಕ್ಕರ್ ಕೊಂಡವರಿಗೆ ತಿಳಿಸಿ, ವಾಪಸ್ ತಗೊಂಡು ದುಡ್ಡು ಕೊಡಿ ಅಂತ ಅಮೆಜಾನ್‌ಗೆ ಆದೇಶ ಮಾಡಿತ್ತು. ಅದು ದೆಹಲಿ ಹೈಕೋರ್ಟ್‌ಗೂ ಹೋಯ್ತು, ಅದು ಬೇರೆ ಕಥೆ. ಅಲ್ಲಿ ಕೊಂಡವರ ಪಟ್ಟಿ ಕಂಪ್ಯೂಟರಲ್ಲಿತ್ತು. ನನ್ನ ಲಿಂಬ್‌ಗೆ ಪಟ್ಟಿ ಎಲ್ಲಿದೆ? ಅಂಗಡಿಯವರ ಲೆಕ್ಕದಲ್ಲಿ ಅದು ಇನ್ನೂ ನಮ್ಮನೇಲೇ ಇದೆ. ನಾವು ಆಫೀಸಲ್ಲಿ ರಾತ್ರೋರಾತ್ರಿ ಪ್ಯಾಚ್ ಕಳಿಸ್ತೀವಿ, ಮರದ ಪಟ್ಟಿಗೆ ಹೇಗೆ ಕಳಿಸೋದು?

ಚಾಟ್ ಅಳಿಸಿಬಿಟ್ಟಿದ್ದೆ. ಎರಡು ರಾತ್ರಿ ಹುಡುಕಿ, ಕೊನೆಗೆ ಯುಪಿಐ ಹಿಸ್ಟರಿಯಲ್ಲಿ ಹೆಸರು ಸಿಕ್ತು. ಭಾನುವಾರ ಕಲ್ಯಾಣ್‌ಗೆ ಹೋದೆ. ಹುಡುಗ ಮೈದಾನದಲ್ಲಿ ಅದರಲ್ಲೇ ಹೊಡೀತಿದ್ದ. ಅವರಪ್ಪ ಮೊದಲು ನಂಬಲಿಲ್ಲ, "ದುಡ್ಡು ಜಾಸ್ತಿ ಬೇಕಾ ಸಾಹೇಬ್" ಅಂದ್ರು. ಹತ್ತಿ ತಗೊಂಡು ಲಿಂಬಿನ ಅಂಚಿಗೆ ಸವರಿ ತೋರಿಸಿದೆ. ಒಂದು ಕಡೆ ಹತ್ತಿ ಸಿಕ್ಕಿಹಾಕ್ಕೊಳ್ತು. ಬೆರಳಿಗೆ, ಕಣ್ಣಿಗೆ ಗೊತ್ತಾಗದ ಸೀಳು. ಅವರು ಮಗನ ಕೈಯಿಂದ ಬಿಲ್ಲು ಕಿತ್ತುಕೊಂಡು ಹಗ್ಗ ಬಿಚ್ಚಿದ್ರು.

ದುಡ್ಡು ಅಲ್ಲೇ ವಾಪಸ್ ಕಳಿಸಿದೆ. ಬಿಲ್ಲು ನನ್ನ ಮೇಲ್‌ನಲ್ಲಿತ್ತು. ಬಿಲ್ಲು ಅಂದ್ರೆ ರಸೀದಿ, ನಗಬೇಡಿ. ಬ್ಯಾಚ್ ನಂಬರ್ ಫೋಟೋ ಜೊತೆ ತಯಾರಕರಿಗೆ ಬರೆದೆ, ಮೊದಲು ಕೊಂಡವರ ರಸೀದಿ ಇದ್ರೆ ಹೊಸ ಜೋಡಿ ಕೊಡ್ತೀವಿ ಅಂದ್ರು. ಅದು ಬಂದ ತಕ್ಷಣ ಕಲ್ಯಾಣ್‌ಗೆ ಹೋಗುತ್ತೆ. ಹಳೇದನ್ನ ನಡುವೆ ಗರಗಸ ಹಾಕಿ ಕೊಯ್ದಿಟ್ಟಿದ್ದೀನಿ, ನಮ್ಮ ಬಿಲ್ಡಿಂಗ್ ಭಂಗಾರ್‌ವಾಲಾ ಅದನ್ನೂ ಮಾರಿಯಾನು!