ಯೂರಿಯಾ ಬೇಡವೆಂದ ಟ್ರಕ್ ಕಂಪನಿ

ಡೆಟ್ರಾಯಿಟ್‌ನಿಂದ ಶಿಕಾಗೋ ತನಕ ಕಾರು ಓಡಿಸಿಕೊಂಡು ಬಂದವರೂ ಇದ್ದೀರಿ, ಚುಟುಕಾಗಿ ಮುಗಿಸುತ್ತೇನೆ.

ವಾಹನ ಕಂಪನಿಯ ಅಪಾಯ ಅಂದರೆ ನಮಗೆ ನೆನಪಾಗುವುದು 2009ರ ಜೂನ್ 1, ಜಿಎಂ ದಿವಾಳಿ ಅರ್ಜಿ ಹಾಕಿದ ದಿನ. ನಾನು ಹೇಳಹೊರಟಿದ್ದು ಇಲ್ಲೇ ಪಕ್ಕದ ಲೈಲ್‌ನ ನ್ಯಾವಿಸ್ಟಾರ್ ಕತೆ.

2010ರಿಂದ ಟ್ರಕ್ ಹೊಗೆಯ ನೈಟ್ರೋಜನ್ ಆಕ್ಸೈಡಿಗೆ ಇಪಿಎ ಬಿಗಿ ಮಿತಿ ಹಾಕಿತು. ಡೆಟ್ರಾಯಿಟ್ ಡೀಸೆಲ್, ಕಮಿನ್ಸ್ ಎಲ್ಲ ಯೂರಿಯಾ ದ್ರಾವಣದಿಂದ ಹೊಗೆ ತೊಳೆಯುವ ಎಸ್‌ಸಿಆರ್ ಹಿಡಿದವು. ನ್ಯಾವಿಸ್ಟಾರ್ ಮಾತ್ರ ಹೊಗೆಯನ್ನೇ ಇಂಜಿನ್ನಿಗೆ ಮರಳಿಸುವ ಇಜಿಆರ್ ಒಂದನ್ನೇ ನಂಬಿತು. ಚಾಲಕನಿಗೆ ಇನ್ನೊಂದು ಟ್ಯಾಂಕಿನ ಕಾಟವಿಲ್ಲ ಅನ್ನುವುದು ಮಾರಾಟದ ಮಾತು; ಕೇಳಲು ಚೆನ್ನಾಗೇ ಇತ್ತು! ಇಂಜಿನ್ ಮಿತಿ ಮುಟ್ಟಲಿಲ್ಲ. ಹಿಂದೆ ಕೂಡಿಟ್ಟ ಎಮಿಷನ್ ಕ್ರೆಡಿಟ್ ಕರಗಿಸುತ್ತ ದಿನ ದೂಡಿದರು. 2012ರ ಜುಲೈನಲ್ಲಿ ಎಸ್‌ಸಿಆರ್‌ಗೇ ಶರಣು, ಆಗಸ್ಟ್‌ನಲ್ಲಿ ಸಿಇಒ ಡ್ಯಾನ್ ಉಸ್ಟಿಯನ್ ನಿರ್ಗಮನ. ಆ ವರ್ಷದ ನಷ್ಟ ಸುಮಾರು 300 ಕೋಟಿ ಡಾಲರ್ (ತೆರಿಗೆ ಲೆಕ್ಕದ ರೈಟ್‌ಆಫ್ ಪಾಲೂ ಅದರಲ್ಲಿ ದೊಡ್ಡದು). ಹೂಡಿಕೆದಾರರನ್ನು ದಾರಿ ತಪ್ಪಿಸಿದ ಆರೋಪಕ್ಕೆ 2016ರಲ್ಲಿ 75 ಲಕ್ಷ ಡಾಲರ್ ದಂಡಕ್ಕೆ ಒಪ್ಪಿತು. 2021ರಲ್ಲಿ ಫೋಕ್ಸ್‌ವ್ಯಾಗನ್ ಬಳಗದ ಟ್ರೇಟನ್ ಪೂರ್ತಿ ಕೊಂಡುಕೊಂಡಿತು.

ಇದರಲ್ಲಿ ನಮಗೇನು? ಎಚ್-1ಬಿ ಮೇಲಿರುವ ನಮ್ಮ ಹುಡುಗರಿಗೆ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ನಿಮ್ಮ ಕಂಪನಿ ಇಲ್ಲಿನ ಷೇರುಪೇಟೆಯಲ್ಲಿದ್ದರೆ ಅದರ 10-ಕೆ ವರದಿ ಎಸ್‌ಇಸಿ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ 'ರಿಸ್ಕ್ ಫ್ಯಾಕ್ಟರ್ಸ್' ಓದಿ. ವಕೀಲರ ಭಾಷೆ, ನಿದ್ದೆ ಬರುತ್ತದೆ, ನಿಜ. ಆದರೂ ಹೋದ ವರ್ಷದ್ದನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟು, ಹೊಸದಾಗಿ ಸೇರಿದ ಪ್ಯಾರಾ ಯಾವುದು ಅಂತ ಹುಡುಕಿ. ಬ್ಯಾಟರಿಯೋ, ಸುಂಕವೋ, ನೀವೇ ಕೂತು ಮಾಡುತ್ತಿರುವ ಪ್ರಾಜೆಕ್ಟೋ.